ಒಳಗಿನ ಮನೆಮಂದಿ

1
1980ರ ದಶಕದ ಮೊದಲ ವರ್ಷಗಳು, ಷಿಕಾಗೊ. ರಿಚರ್ಡ್ ಶ್ವಾರ್ಟ್ಜ್ ಎಂಬ ಕುಟುಂಬ ಚಿಕಿತ್ಸಕರ ಬಳಿ ಬುಲಿಮಿಯಾ ಇದ್ದ ಯುವತಿಯರು ಬರುತ್ತಿದ್ದರು. ವಿಪರೀತ ತಿನ್ನುವುದು, ತಿಂದದ್ದನ್ನು ಬೇಕೆಂದೇ ವಾಂತಿ ಮಾಡುವುದು. ಶ್ವಾರ್ಟ್ಜ್ ಮನೆಯವರನ್ನೆಲ್ಲ ಕೂರಿಸಿ ಮಾತಾಡಿಸಿದರು. ಮನೆ ಸುಧಾರಿಸಿದರೂ ಕೆಲವರ ವಾಂತಿ ನಿಲ್ಲಲಿಲ್ಲ. ಏಕೆಂದು ಅವರನ್ನೇ ಕೇಳಿದರು. ನನ್ನ ಒಂದು ಭಾಗ ಬೈಯುತ್ತೆ, ಇನ್ನೊಂದು ಅಳುತ್ತೆ, ಮತ್ತೊಂದು ತಿನ್ನು ಅನ್ನುತ್ತೆ: ಈ ಬಗೆಯ ಉತ್ತರ ಬಂತು.

2
ಮನೆಯಲ್ಲಿ ಯಾರು ಯಾರ ಪಕ್ಷ, ಯಾರನ್ನು ಮೂಲೆಗೆ ತಳ್ಳಿದ್ದಾರೆ ಎಂದು ನೋಡುವುದು ಕುಟುಂಬ ಚಿಕಿತ್ಸಕರ ಕೆಲಸ. ಶ್ವಾರ್ಟ್ಜ್ ಒಬ್ಬರ ಮನಸ್ಸಿನೊಳಗೂ ಅದನ್ನೇ ನೋಡಿದರು. ಪದ್ಧತಿಗೆ ಇಂಟರ್ನಲ್ ಫ್ಯಾಮಿಲಿ ಸಿಸ್ಟಮ್ಸ್ ಎಂದು ಹೆಸರಾಯಿತು. ಅದರ ಮೊದಲ ಪಠ್ಯ 1995ರಲ್ಲಿ ಬಂತು.

3
ಮೂರು ಬಗೆಯ ಭಾಗಗಳು. ನೋವು, ನಾಚಿಕೆ, ಭಯ ಹೊತ್ತು ಒಳಗೆ ಅಡಗಿದವು ಎಕ್ಸೈಲ್. ಆ ನೋವು ಮೇಲೆ ಬರದಂತೆ ಮೊದಲೇ ನೋಡಿಕೊಳ್ಳುವವು ಮ್ಯಾನೇಜರ್. ಗ್ಯಾಸು, ಬೀಗ, ಹಾಲಿನ ಪಾತ್ರೆ ಎಲ್ಲವನ್ನೂ ಎರಡೆರಡು ಸಲ ನೋಡಿ ಮಲಗುವ ಅಜ್ಜಿಯ ಹಾಗೆ. ನೋವು ಮೇಲೆ ಬಂದೇಬಿಟ್ಟರೆ ಕೈಗೆ ಸಿಕ್ಕಿದ್ದರಿಂದ ಆರಿಸಲು ಓಡುವವು ಫೈರ್‌ಫೈಟರ್: ತಿನ್ನುವುದು, ಕಿರುಚುವುದು, ಮೈ ಕೊಯ್ದುಕೊಳ್ಳುವುದು.

ಇವು ಯಾವುದೂ ಅಲ್ಲದ ಇನ್ನೊಂದಿದೆ: ಸೆಲ್ಫ್. ಎಲ್ಲರ ಮಾತನ್ನೂ ಗಾಬರಿಯಿಲ್ಲದೆ ಕೇಳಿಸಿಕೊಳ್ಳಬಲ್ಲದ್ದು. ಚಿಕ್ಕ ಮಕ್ಕಳಲ್ಲೂ ಇದು ಇರುತ್ತದೆ ಎನ್ನುತ್ತಾರೆ ಶ್ವಾರ್ಟ್ಜ್.

4
ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ಷಿಕಾಗೊದ ಇನ್‌ಸ್ಟಿಟ್ಯೂಟ್ ಫಾರ್ ಜುವೆನೈಲ್ ರಿಸರ್ಚ್‌ನಲ್ಲಿ. ಬಾಲ ನ್ಯಾಯಾಲಯಕ್ಕೆ ಬರುವ ಮಕ್ಕಳನ್ನು ತಿಳಿಯಲು 1909ರಲ್ಲಿ ಶುರುವಾದ ಸಂಸ್ಥೆ. ಆದರೆ ಈ ಪದ್ಧತಿ ಬೆಳೆದದ್ದು ಹೆಚ್ಚಾಗಿ ವಯಸ್ಕರ ಜೊತೆ. ಮಕ್ಕಳು, ಹದಿಹರೆಯದವರು ಮತ್ತು ಅವರ ಮನೆಯವರ ಬಗ್ಗೆ ಆರ್ಥರ್ ಮೋನ್ಸ್ ಬರೆದ ಪುಸ್ತಕ 2014ರದು, ಲೀಸಾ ಸ್ಪೀಗಲ್ ಅವರ ಪುಸ್ತಕ 2017ರದು.

5
ವಯಸ್ಕರಿಗೆ ಕೇಳುವ ಒಂದು ಪ್ರಶ್ನೆ: ನಿಮ್ಮ ಆ ಭಾಗದ ಲೆಕ್ಕದಲ್ಲಿ ನಿಮಗೀಗ ಎಷ್ಟು ವಯಸ್ಸು? ನಲವತ್ತೈದರ ಮನುಷ್ಯ ಕಣ್ಣು ಮುಚ್ಚಿ ಕೂತು 'ಎಂಟು' ಅನ್ನಬಹುದು. ಆಗ ಆ ಭಾಗಕ್ಕೆ ಸುದ್ದಿ ಮುಟ್ಟಿಸುತ್ತಾರೆ: ನೀವು ಬೆಳೆದಿದ್ದೀರಿ, ಆ ಮನೆ ಬಿಟ್ಟಿದ್ದೀರಿ, ಹೊಡೆಯುತ್ತಿದ್ದ ಕೈ ಈಗಿಲ್ಲ. ಎಷ್ಟೋ ಸಲ ಆ ಭಾಗಕ್ಕೆ ಇದು ಗೊತ್ತೇ ಇರುವುದಿಲ್ಲವಂತೆ.

ಎಂಟು ವರ್ಷದ ಮಗುವನ್ನು ಕೇಳಿದರೂ ಉತ್ತರ 'ಎಂಟು'. ಅದು ಸರಿಯಾದ ಉತ್ತರ.

ಮನೆ ಅದೇ. ಸಂಜೆ ಅಲ್ಲಿಗೇ ಹೋಗಬೇಕು. ಊಟ ಹಾಕುವವರೂ ಅವರೇ, ಹೆದರಿಸುವವರೂ ಅವರೇ ಇರಬಹುದು. ಕಾವಲು ಬಿಡು ಎಂದು ಆ ಭಾಗಕ್ಕೆ ಹೇಳಲು ಯಾವ ಸುದ್ದಿ ಇದೆ? ಈ ಪದ್ಧತಿಯ ಬಗ್ಗೆ ಓದುವಾಗ ಈ ಜಾಗ ದಾಟಲು ನನಗೆ ತುಂಬ ಹೊತ್ತು ಹಿಡಿಯಿತು.

6
ಮಗು ಕಣ್ಣು ಮುಚ್ಚಿ ಕೂರುವುದಿಲ್ಲ. ಚಿಕಿತ್ಸಕರ ಕೋಣೆಯಲ್ಲಿ ಗೊಂಬೆಗಳ ಕಪಾಟಿನ ಮುಂದೆ ನಿಲ್ಲುತ್ತದೆ. ಅಲ್ಲಿ ಹುಲಿ, ಸೈನಿಕ, ಅಜ್ಜಿ, ಬೇಲಿ, ಆಂಬ್ಯುಲೆನ್ಸ್. 'ಸ್ಕೂಲಲ್ಲಿ ಹೊಡೀತೀಯಲ್ಲ, ಆ ಸಿಟ್ಟು ಇವುಗಳಲ್ಲಿ ಯಾವುದು?' ಮಗು ಹುಲಿಯನ್ನು ತೆಗೆದು ಮರಳಿನ ತಟ್ಟೆಯಲ್ಲಿ ಇಡುತ್ತದೆ.

'ಹುಲೀನ ಕಂಡ್ರೆ ನಿನಗೆ ಏನನ್ಸುತ್ತೆ?'

'ಇಷ್ಟ ಇಲ್ಲ.'

ಆ ಇಷ್ಟವಿಲ್ಲದ್ದಕ್ಕೂ ಒಂದು ಗೊಂಬೆ ಆರಿಸಬೇಕು. ಅದನ್ನೂ ಮರಳಿನಲ್ಲಿ ಇಟ್ಟ ಮೇಲೆ ಹುಲಿಯ ಬಗ್ಗೆ ಮತ್ತೆ ಅದೇ ಪ್ರಶ್ನೆ. ಈ ಸಲ ಉತ್ತರ ಬೇರೆ ಬರಬಹುದು.

7
ತಟ್ಟೆಯ ತಳ ನೀಲಿ. ಮರಳು ಸರಿಸಿದರೆ ನೀರು.

8
ಮರಳಿನ ತಟ್ಟೆ ಈ ಪದ್ಧತಿಗಿಂತ ಹಳೆಯದು. 1920ರ ದಶಕದ ಕೊನೆಯಲ್ಲಿ ಲಂಡನ್ನಿನ ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ ತಮ್ಮ ಚಿಕಿತ್ಸಾಲಯದಲ್ಲಿ ಮರಳು, ನೀರು, ಪುಟ್ಟ ಗೊಂಬೆಗಳನ್ನು ಇಟ್ಟರು. ಮಕ್ಕಳು ಗೊಂಬೆಗಳನ್ನು ಮರಳಿಗೆ ತಂದರು, ಅದನ್ನು 'ಪ್ರಪಂಚ' ಎಂದು ಕರೆದರು. ಎಚ್. ಜಿ. ವೆಲ್ಸ್ ತಮ್ಮ ಇಬ್ಬರು ಗಂಡುಮಕ್ಕಳ ಜೊತೆ ನೆಲದ ಮೇಲೆ ಆಡಿದ ಆಟಗಳನ್ನು 1911ರಲ್ಲಿ ಪುಸ್ತಕ ಮಾಡಿದ್ದರು. ಲೋವೆನ್‌ಫೆಲ್ಡ್ ಅದನ್ನು ಓದಿದ್ದರು.

9
ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಮೈಕಲ್ ವೈಟ್ ಎಂಬ ಕುಟುಂಬ ಚಿಕಿತ್ಸಕರು, ಅದೇ 1980ರ ದಶಕ. ಚಡ್ಡಿಯಲ್ಲೇ ಕಕ್ಕ ಮಾಡಿಕೊಳ್ಳುವ ಮಕ್ಕಳು. ವೈಟ್ ಆ ತೊಂದರೆಗೆ ಕಳ್ಳ ಕಕ್ಕ ಎಂಬಂಥ ಒಂದು ಹೆಸರು ಕೊಟ್ಟು, ಮಗು ಮತ್ತು ಅಪ್ಪ ಅಮ್ಮ ಒಂದು ಕಡೆ, ಅದು ಇನ್ನೊಂದು ಕಡೆ ಎಂದು ನಿಲ್ಲಿಸಿದರು. ಮಗುವಿನ ತಲೆಯಿಂದ ಅವಮಾನ ಇಳಿಯಿತು.

ವೈಟ್ ತೊಂದರೆಯನ್ನು ಮಗುವಿನಿಂದ ಹೊರಗೆ ಇಟ್ಟರು. ಶ್ವಾರ್ಟ್ಜ್ ಅದನ್ನು ಒಳಗೇ ಉಳಿಸಿ, ಕೂರಿಸಿ ಮಾತಾಡಿಸಿದರು. ಎರಡರಲ್ಲೂ ಮಗು ಸ್ವಲ್ಪ ಹಗುರಾಯಿತು.

10
2015ರ 'ಇನ್‌ಸೈಡ್ ಔಟ್' ಸಿನಿಮಾದಲ್ಲಿ ಹನ್ನೊಂದರ ಹುಡುಗಿ ರೈಲಿಯ ತಲೆಯೊಳಗೆ ಐವರು: ಸಂತೋಷ, ದುಃಖ, ಸಿಟ್ಟು, ಭಯ, ಅಸಹ್ಯ. ಗುಂಡಿಗಳಿರುವ ಮೇಜಿನ ಮುಂದೆ ಈ ಐವರಲ್ಲಿ ಯಾರಾದರೂ ನಿಂತಿರುತ್ತಾರೆ. ರೈಲಿ ನಿಂತಿರುವುದಿಲ್ಲ.

2024ರ ಎರಡನೇ ಭಾಗದಲ್ಲಿ ರೈಲಿಗೆ ಹದಿಮೂರು. ಆತಂಕ ಹೊಸದಾಗಿ ಬರುತ್ತದೆ, ಸಾಮಾನಿನ ಸಮೇತ.

11
ಹದಿಹರೆಯದವರು ತಾವಾಗಿ ಬರುವುದು ಕಡಿಮೆ. ಕರೆತರುತ್ತಾರೆ. ಚಿಕಿತ್ಸಕರು ಮನೆಯವರ ಕಡೆಯವರು ಎಂದೇ ಹುಡುಗಿ ತಿಳಿದಿರುತ್ತಾಳೆ. ಮಾತಾಡುವುದಿಲ್ಲ. ಈ ಪದ್ಧತಿಯವರು ಮೌನವನ್ನು ಮುರಿಯಲು ಹೋಗುವುದಿಲ್ಲ. ಅದೂ ಒಂದು ಭಾಗ. ಮಾತಾಡದ ನಿನ್ನ ಭಾಗ ನನ್ನನ್ನು ನಂಬದೇ ಇರುವುದು ಸರಿಯೇ ಎನ್ನುತ್ತಾರೆ, ಮಾತಾಡಿದರೆ ಏನಾದೀತೆಂದು ಅದಕ್ಕೆ ಭಯ ಎಂದು ಕೇಳುತ್ತಾರೆ. ಆ ವಯಸ್ಸಿನವರಿಗೆ ಯಾರಾದರೂ ಇಷ್ಟು ಮರ್ಯಾದೆಯಿಂದ ಮಾತಾಡುವುದು ಅಪರೂಪ.

12
'ನಾನಲ್ಲ, ನನ್ನ ಸಿಟ್ಟಿನ ಭಾಗ ಬಾಗಿಲು ಒದ್ದದ್ದು' ಎಂದು ಹದಿನಾಲ್ಕರ ಹುಡುಗ ಹೇಳಿದರೆ? ನಿನ್ನ ಭಾಗ ಮಾಡಿದ್ದಕ್ಕೆ ನೀನೇ ಹೊಣೆ ಎನ್ನುತ್ತಾರೆ. ಬಾಗಿಲು ರಿಪೇರಿಗೆ ಹುಡುಗನೇ ನಿಲ್ಲಬೇಕು.

13
ಭಾರ ಇಳಿಸುವುದು ಎಂಬ ಒಂದು ಹಂತ ಇದೆ. ಭಾಗ ಹೊತ್ತದ್ದನ್ನು ನೀರಿಗೆ, ಬೆಂಕಿಗೆ, ಗಾಳಿಗೆ, ಮಣ್ಣಿಗೆ, ಬೆಳಕಿಗೆ ಕೊಟ್ಟಂತೆ ಕಲ್ಪಿಸಿಕೊಳ್ಳುವುದು. ದೊಡ್ಡವರು ಇಲ್ಲಿಗೆ ಬರಲು ತಿಂಗಳುಗಟ್ಟಲೆ ಹಿಡಿಯಬಹುದು. ಮಕ್ಕಳು ಬೇಗ ಬರುತ್ತಾರೆ. ಕಾಗದದ ಮೇಲೆ ಬರೆದು ಹರಿಯುತ್ತಾರೆ, ಮರಳಿನಲ್ಲಿ ಹೂಳುತ್ತಾರೆ.

ಮನೆ ಬದಲಾಗದಿದ್ದರೆ ಭಾರ ಮತ್ತೆ ಬಂದು ಕೂರಬಹುದು.

14
ಅಪ್ಪ ಅಮ್ಮಂದಿರಿಗೂ ಪಾಠ ಇದೆ. ಸಿಟ್ಟಿನಿಂದ ಮಾತಾಡಬೇಡಿ, ಸಿಟ್ಟಿನ ಪರವಾಗಿ ಮಾತಾಡಿ. 'ನಿನ್ನಿಂದ ಸಾಕಾಯ್ತು' ಅನ್ನುವ ಬದಲು 'ನೀನು ತಡವಾಗಿ ಬಂದಾಗ ನನ್ನೊಳಗೆ ಒಂದಕ್ಕೆ ಸಿಟ್ಟು ಬಂತು, ಇನ್ನೊಂದಕ್ಕೆ ಭಯ ಆಯ್ತು.' ಮೊದಮೊದಲು ಇದು ನಾಟಕದ ಮಾತಿನಂತೆ ಕೇಳುತ್ತದೆ. ಭಯ ಆಯ್ತು ಎಂಬ ಮಾತನ್ನು ಎಷ್ಟು ಮಕ್ಕಳು ಅಪ್ಪನ ಬಾಯಿಂದ ಕೇಳಿದ್ದಾರೆ?

ಮಗುವಿನ ಯಾವ ಗುಣಕ್ಕೆ ತಾಯಿ ಉರಿದುಬೀಳುತ್ತಾಳೋ ಅದು ಎಷ್ಟೋ ಸಲ ಆಕೆ ಚಿಕ್ಕಂದಿನಲ್ಲಿ ತನ್ನೊಳಗೆ ಮುಚ್ಚಿಟ್ಟದ್ದು.

15
ಅಪ್ಪ ಅಮ್ಮ ಜಗಳ ಶುರು ಮಾಡಿದಾಗಲೆಲ್ಲ ಏನಾದರೊಂದು ಒಡೆಯುವ ಹುಡುಗ. ಇಬ್ಬರೂ ಜಗಳ ಬಿಟ್ಟು ಅವನ ಕಡೆ ತಿರುಗುತ್ತಾರೆ. ಕುಟುಂಬ ಚಿಕಿತ್ಸಕರು ಬಹಳ ಹಿಂದಿನಿಂದ ನೋಡುತ್ತ ಬಂದ ಹುಡುಗ ಇವನು. ಒಡೆಯುವ ಭಾಗಕ್ಕೆ, ಈ ಕೆಲಸ ನಿಲ್ಲಿಸಿದರೆ ಏನಾಗುತ್ತೆ ಎಂದು ಕೇಳಿದರೆ, 'ಅವರು ಬೇರೆ ಆಗ್ತಾರೆ' ಎಂಬ ಉತ್ತರ ಬರಬಹುದು. ಒಳಗಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಮುಂದಿನ ಭೇಟಿಗೆ ಅಪ್ಪ ಅಮ್ಮ ಇಬ್ಬರನ್ನೂ ಬರಹೇಳುತ್ತಾರೆ.