ದೊಡ್ಡಪ್ಪ ಬಿಟ್ಟ ಹಸುಗಳು

ಮಂಚೇನಹಳ್ಳಿಯ ನಮ್ಮ ದೊಡ್ಡಪ್ಪ ಮೇಷ್ಟ್ರ ಕೆಲಸದಿಂದ ನಿವೃತ್ತರಾದ ಮೇಲೆ ಆತ್ಮಕಥೆ ಬರೆಯಲು ಕೂತರು. ನೋಟ್‌ಬುಕ್ಕು ಅರ್ಧ ತುಂಬುವಷ್ಟರಲ್ಲಿ ಬಡತನವನ್ನು ಗೆದ್ದಾಗಿತ್ತು. ದೊಡ್ಡಮ್ಮ ಅವರೆಕಾಯಿ ಬಿಡಿಸುತ್ತಾ ಅಷ್ಟನ್ನೂ ಓದಿಸಿ ಕೇಳಿದರು. “ಎಲ್ಲಾ ಸರಿ, ಆ ಎರಡು ಸೀಮೆಹಸು ಎಲ್ಲಿ?” ಎಂದರು. ದೊಡ್ಡಪ್ಪ ಮೇಷ್ಟ್ರಾಗಲು ಟಿ.ಸಿ.ಎಚ್. ಓದುತ್ತಿದ್ದಾಗ ಮನೆ ನಡೆದದ್ದು ಡೈರಿಗೆ ಹಾಕಿದ ಹಾಲಿನಿಂದ, ಕರೆದದ್ದು ದೊಡ್ಡಮ್ಮ. ಆಮೇಲೆ ಹಸುಗಳಿಗೆ ಪುಟದ ಅಂಚಿನಲ್ಲಿ ಒಂದು ಸಾಲು ಸಿಕ್ಕಿತು. ದೊಡ್ಡಮ್ಮನಿಗೆ ಅದೂ ಇಲ್ಲ.

ದೊಡ್ಡಪ್ಪನೊಬ್ಬರನ್ನೇ ಯಾಕೆ ಅನ್ನಬೇಕು? ಚಿಕ್ಕಬಳ್ಳಾಪುರದ ಕಡೆ ಹೋದರೆ ಸರ್ ಎಂ. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿ. ಅವರು 1951ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ, ಇಂಗ್ಲಿಷಿನಲ್ಲಿ ತಮ್ಮ ನೆನಪುಗಳ ಪುಸ್ತಕ ತಂದರು. ಇದು ವೃತ್ತಿಜೀವನದ ನೆನಪು ಮಾತ್ರ ಎಂದು ಶೀರ್ಷಿಕೆಯಲ್ಲೇ ಬೇಲಿ ಹಾಕಿಕೊಂಡರು. ನೀರಾವರಿಯ ಬ್ಲಾಕ್ ಪದ್ಧತಿ, ದಿವಾನಗಿರಿ, ಕೈಗಾರಿಕೆ ಎಲ್ಲ ಉಂಟು. ಖಡಕ್‌ವಾಸ್ಲಾ ಅಣೆಕಟ್ಟಿನ ಗೇಟುಗಳಿಗೆ ಸಿಕ್ಕ ಜಾಗ ಸಂಸಾರಕ್ಕೆ ಸಿಕ್ಕಿಲ್ಲ. ಒಂದು ಲೆಕ್ಕಕ್ಕೆ ಇದು ಪ್ರಾಮಾಣಿಕತೆಯೇ: ಹೇಳುವುದಿಲ್ಲ ಎಂದು ಮೊದಲೇ ಹೇಳಿದ್ದಾರಲ್ಲ.

ಈ ಕಡೆ ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಚ್. ನರಸಿಂಹಯ್ಯನವರ ಊರು. ಬಸ್ಸಿಗೆ ಕಾಸಿಲ್ಲದೆ 1935ರಲ್ಲಿ ಬೆಂಗಳೂರಿಗೆ ನಡೆದೇ ಹೋದ ಹುಡುಗ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರಿಟ್ಟರು. ಆ ಹೆಸರು ಬಿದ್ದ ಕೂಡಲೇ ಅಂದಿನ ನಡಿಗೆಯೂ ಹೋರಾಟವಾಯಿತು. ನಡೆಯುವಾಗ ಹುಡುಗನಿಗೆ ಕಾಲುನೋವೇ ದೊಡ್ಡದಿದ್ದಿರಬೇಕು. ಅರ್ಥ ಯಾವಾಗಲೂ ನಿಧಾನ. ಕಾಲು ಊರು ಮುಟ್ಟಿ ಎಷ್ಟೋ ವರ್ಷದ ಮೇಲೆ ಅದು ಬಂದು ಸೇರುತ್ತದೆ.

ಅದೇ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದಕ್ಕೆ ‘ಕರ್ನಾಟಕದ ಜಲಿಯನ್‌ವಾಲಾಬಾಗ್’ ಎಂಬ ಹೆಸರು ನಿಂತಿತು. ಹೆಸರಿಗೆ ತಕ್ಕಂತೆ ನೆನಪುಗಳೂ ಬೆಳೆದವು. “ಅವತ್ತು ನಮ್ಮ ತಾತ ಅಲ್ಲೇ ಇದ್ದರು” ಎನ್ನದ ಮನೆ ನಮ್ಮ ಸೀಮೆಯಲ್ಲಿ ಅಪರೂಪ. ಅಷ್ಟೂ ತಾತಂದಿರು ಬಂದಿದ್ದರೆ ಅಶ್ವತ್ಥಕಟ್ಟೆಯ ಸುತ್ತ ಕಾಲಿಡಲು ಜಾಗವಿರುತ್ತಿರಲಿಲ್ಲ! ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಿಲ್ಲ. ಮೊಮ್ಮಕ್ಕಳಿಗೆ ಹೇಳಲು ಪ್ರತಿ ತಾತನಿಗೂ ಒಂದು ದೊಡ್ಡ ದಿನ ಬೇಕು, ಪಾಪ. ಆದರೆ ಅವತ್ತು ನಿಜವಾಗಿ ಅಲ್ಲಿದ್ದು ಗುಂಡಿಗೆ ಬಲಿಯಾದವರು ಆತ್ಮಕಥೆ ಬರೆಯಲಿಲ್ಲ. ಅವರ ಪರವಾಗಿ ನಾವು ಓದುತ್ತಿರುವುದೆಲ್ಲ ಉಳಿದವರು ಹೇಳಿದ್ದು.