ಮಾಳಿಗೆಯ ಮೇಲಣ ಬಿಸಿನೀರು

ಬೆಂಗಳೂರಿನ ದಂಡುಪ್ರದೇಶವನ್ನು ನೋಡಬಂದವರು ಬೀದಿಯ ಮಟ್ಟದಲ್ಲಿ ಕಾಣುವುದನ್ನು ಕಂಡು ತೃಪ್ತರಾಗಿ ಹಿಂದಿರುಗುವುದು ವಾಡಿಕೆ. ಶಿವಾಜಿನಗರದಲ್ಲಿ ರಸೆಲ್ ಮಾರುಕಟ್ಟೆ, ಸಂತ ಮೇರಿಯಮ್ಮನವರ ಬೆಸಿಲಿಕಾ, ಮುಂದೆ ಹಲಸೂರಿನ ಕೆರೆ, ಸೋಮೇಶ್ವರನ ಗುಡಿ. ಇವೆಲ್ಲವೂ ನೋಡತಕ್ಕವೇ ಸರಿ. ನಾವಾದರೋ ಈಚೆಗೆ ಈ ಬೀದಿಗಳಲ್ಲಿ ತಲೆಯೆತ್ತಿ ಮಾಳಿಗೆಗಳನ್ನು ನೋಡುತ್ತ ನಡೆಯುವ ಅಭ್ಯಾಸವನ್ನು ಹಿಡಿದಿದ್ದೇವೆ. ಜನರು ಚಳಿಯನ್ನು ಹೇಗೆ ನೀಗಿಕೊಂಡರೆಂಬ ಚರಿತ್ರೆಯು ಗೋಡೆಗಳ ಮೇಲಲ್ಲ, ಮಾಳಿಗೆಗಳ ಮೇಲೆ ಬರೆದಿದೆ.

1809ರಲ್ಲಿ ಇಲ್ಲಿ ದಂಡು ಬಂದು ನೆಲಸಿದ ಮೇಲೆ ಕಟ್ಟಿದ ಬಂಗಲೆಗಳಲ್ಲಿ ಅಳಿದುಳಿದ ಕೆಲವಕ್ಕೆ ಇಂದಿಗೂ ಹೊಗೆಗೂಡುಗಳುಂಟು. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಈ ಊರಿನ ಚಳಿಯು ಸಾಮಾನ್ಯವಾಗಿ ಸೌಮ್ಯವಾದುದೇ. 1884ರ ಜನವರಿ 13ರಂದು ಉಷ್ಣಮಾನವು 7.8 ಡಿಗ್ರಿಗಳಿಗೆ ಇಳಿದುದೇ ಇಲ್ಲಿಯ ದಾಖಲೆ. ಹಿಮ ಬೀಳುವ ದೇಶಗಳಲ್ಲಿ ನೆಲಮಾಳಿಗೆಯ ಒಂದೇ ಕುಲುಮೆಯಲ್ಲಿ ನೀರನ್ನು ಕಾಯಿಸಿ, ಕೊಳವೆಗಳ ಮೂಲಕ ಕೋಣೆಕೋಣೆಗೂ ಹರಿಸಿ, ಮನೆಯನ್ನೆಲ್ಲ ಬೆಚ್ಚಗಿಡುವ ಏರ್ಪಾಡುಂಟು. ನಮಗೆ ಅಷ್ಟು ಬೇಕಿಲ್ಲ. ಬೆಳಗಿನ ಸ್ನಾನಕ್ಕೆ ಬಿಸಿನೀರೊಂದು ದೊರೆತರೆ ಸಾಕು. ಅದಕ್ಕಾಗಿ ನಮ್ಮ ಹಿರಿಯರು ಬಚ್ಚಲಲ್ಲಿ ಒಲೆಯನ್ನು ಹೂಡಿ ತಾಮ್ರದ ಹಂಡೆಯನ್ನಿಟ್ಟರು. ನರಕಚತುರ್ದಶಿಯ ಹಿಂದಿನ ಸಂಜೆ ಹಂಡೆಯನ್ನು ಬೆಳಗಿ ನೀರು ತುಂಬುವುದೇ ಒಂದು ಹಬ್ಬವಾಗಿದ್ದುದನ್ನು ವಾಚಕರಲ್ಲಿ ಹಿರಿಯರು ಮರೆತಿರಲಾರರು.

1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತು. ಕಾಲಾಂತರದಲ್ಲಿ ಅದೇ ವಿದ್ಯುತ್ತು ಬಚ್ಚಲಿಗೂ ಬಂದು ಒಲೆಯನ್ನು ಆರಿಸಿತು. ಬಳಿಕ ಸೂರ್ಯನ ಸರದಿ. 2007ರಲ್ಲಿ ರಾಜ್ಯ ಸರ್ಕಾರವು ಹೊಸ ಕಟ್ಟಡಗಳಿಗೆ ಸೋಲಾರ್ ನೀರುಕಾಯಿಸುವ ಸಾಧನವನ್ನು ಕಡ್ಡಾಯಗೊಳಿಸಿದ ತರುವಾಯ, ಹಲಸೂರಿನಿಂದ ಇಂದಿರಾನಗರ, ಅಲ್ಲಿಂದ ಕೃಷ್ಣರಾಜಪುರದವರೆಗೂ ಮಾಳಿಗೆಗಳ ಮೇಲೆ ಕರಿಯ ಹಲಗೆಗಳೂ ಉರುಟು ತೊಟ್ಟಿಗಳೂ ಸಾಲುಗಟ್ಟಿವೆ. ಸೌದೆಯಿಲ್ಲದ, ಹೊಗೆಯಿಲ್ಲದ, ಬಿಲ್ಲಿಲ್ಲದ ಈ ಒಲೆಯು ನಿಜವಾಗಿಯೂ ಸ್ತುತ್ಯವಾದುದು. ಆದರೆ ಕಡ್ಡಾಯವಾದ ವಸ್ತುವನ್ನು ಕೂಡಿಸುವವರು ಹೆಚ್ಚಿದಷ್ಟು ಬೇಗನೆ, ಅದನ್ನು ಬಲ್ಲವರು ಹೆಚ್ಚಲಿಲ್ಲ.

ಈ ಸಾಧನದ ತತ್ತ್ವವು ಬಹು ಸರಳ. ಗಾಜಿನ ಕೆಳಗೆ ಕರಿಯ ಲೇಪವುಳ್ಳ ತಗಡು; ಅದಕ್ಕೆ ಅಂಟಿದ ತಾಮ್ರದ ನಾಳಗಳು. ನಾಳದೊಳಗಿನ ನೀರು ಕಾದೊಡನೆ ಹಗುರಾಗಿ ಮೇಲಿನ ತೊಟ್ಟಿಗೆ ಏರುತ್ತದೆ. ತೊಟ್ಟಿಯ ತಳದ ತಣ್ಣೀರು ಭಾರವಾದುದರಿಂದ ಕೆಳಗಿಳಿದು ಅದರ ಸ್ಥಾನಕ್ಕೆ ಬರುತ್ತದೆ. ಪಂಪು ಬೇಡ, ಕಾವಲುಗಾರ ಬೇಡ. ಸಂಸ್ಕೃತದಲ್ಲಿ ನದಿಗೆ ನಿಮ್ನಗಾ, ಎಂದರೆ ಕೆಳಗೆ ಹರಿಯುವವಳು, ಎಂದು ಹೆಸರು. ಆದರೆ ಅಗ್ನಿಯ ಸಂಗವಾದಾಗ ಅದೇ ನೀರು ಊರ್ಧ್ವಗಾಮಿಯಾಗುವುದು! ಅಗ್ನಿಯು ಮೇಲ್ಮುಖವಾಗಿ ಉರಿಯುವುದಕ್ಕೆ ಅದೃಷ್ಟವೇ ಕಾರಣವೆಂದು ವೈಶೇಷಿಕ ದರ್ಶನವು ಹೇಳಿತು. ನೀರು ಮೇಲೇರುವುದಕ್ಕಾದರೋ ಕಾರಣವು ದೃಷ್ಟವಾಗಿಯೇ ಇದೆ. ಅದನ್ನು ಮರೆತಲ್ಲಿ ಮಾತ್ರ ಗೃಹಸ್ಥನು ಅದೃಷ್ಟವನ್ನು ನಂಬಬೇಕಾಗುತ್ತದೆ.

ಹಲಸೂರು ಕೆರೆಗೆ ಸಮೀಪದಲ್ಲಿ ನಮ್ಮ ಹಳೆಯ ಮಿತ್ರರೊಬ್ಬರ ಮನೆಯುಂಟು. ಅವರ ತಾಯಿಗೆ ಎಂಬತ್ತನಾಲ್ಕು ವರ್ಷ. ಅರುಣೋದಯಕ್ಕೆ ಮುಂಚೆ ಸ್ನಾನವಾಗದೆ ಅವರು ನೀರನ್ನೂ ಮುಟ್ಟುವವರಲ್ಲ. ಮನೆಗೆ ಸೋಲಾರ್ ಬಂದ ವರ್ಷ ಪುಷ್ಯಮಾಸದಲ್ಲಿ ನಲ್ಲಿಯಿಂದ ಬಂದುದು ತಣ್ಣೀರು. ಆ ತಾಯಿ ಯಾರಿಗೂ ಹೇಳದೆ ಅದರಲ್ಲಿಯೇ ಮಿಂದು ಜ್ವರದಿಂದ ಮಲಗಿದರು. ಬಳಿಕ ಸೊಸೆಯು ಅಡಿಗೆಮನೆಯಲ್ಲಿ ನೀರು ಕಾಯಿಸಿ ಹೊತ್ತು ತರುವಾಗ ಕಾಲು ಜಾರಿ ಪಾದವನ್ನು ಸುಟ್ಟುಕೊಂಡಳು. ಸಾಧನವನ್ನು ಕೂಡಿಸಿದವನನ್ನು ಕರೆಸಿದರೆ ಅವನು, “ಸಾರ್, ಮೋಡ ಇದ್ದರೆ ಹೀಗೇ. ದೊಡ್ಡ ಕಾಯಿಲ್ ಹಾಕಿಸಿಬಿಡಿ,” ಎಂದು ಹೇಳಿ ಹೊರಟುಹೋದನು. ಬಿಸಿಲಿನ ಹೆಸರಿನಲ್ಲಿ ಹಣ ತೆತ್ತು, ನೀರು ಕಾಯಿಸಲು ವಿದ್ಯುತ್ತಿಗೆ ಮತ್ತೊಮ್ಮೆ ತೆರುವುದೆಂದರೆ ಇದೇ ಅಲ್ಲವೆ?

ಕಡೆಗೆ ಶಿವಾಜಿನಗರದಿಂದ ವಯಸ್ಸಾದ ಕೊಳಾಯಿ ಕೆಲಸಗಾರರೊಬ್ಬರು ಬಂದರು. ಅವರು ಉಪಕರಣದ ಚೀಲವನ್ನು ಬಿಚ್ಚದೆ, ಮಾಳಿಗೆಯಲ್ಲಿ ಒಂದು ಸುತ್ತು ತಿರುಗಿ, ಕೊಳವೆಗಳನ್ನು ಕೈಯಿಂದ ಮುಟ್ಟಿಮುಟ್ಟಿ ನೋಡಿದರು. “ಮೇಷ್ಟ್ರೇ, ನೀರಿಗೆ ದಾರಿಯನ್ನೇ ಬಿಟ್ಟಿಲ್ಲ, ಅದು ಹೇಗೆ ಹೋಗುತ್ತೆ?” ಎಂದರು. ಆ ಒಂದು ಮಾತಿನಲ್ಲಿ ಸಮಸ್ತ ರೋಗನಿದಾನವೂ ಅಡಗಿತ್ತು.

ಅವರು ತೋರಿಸಿದ ದೋಷಗಳು ನಾಲ್ಕು. ಮೊದಲನೆಯದು: ಬಿಸಿನೀರ ತೊಟ್ಟಿಯ ತಳವು ಹಲಗೆಯ ತಲೆಗಿಂತ ಒಂದಡಿಯಾದರೂ ಎತ್ತರದಲ್ಲಿರಬೇಕಾದಲ್ಲಿ, ಅದಕ್ಕಿಂತ ಕೆಳಗಿತ್ತು, ಹಗಲು ಕಾದುದು ರಾತ್ರಿ ಹಿಮ್ಮುಖವಾಗಿ ಹರಿದು ಆರಿಹೋಗುತ್ತಿತ್ತು. ಎರಡನೆಯದು: ಹಲಗೆಯಿಂದ ತೊಟ್ಟಿಗೆ ಒಂದೇ ಸಮನೆ ಏರಬೇಕಾದ ಕೊಳವೆಯು ನಡುವೆ ಒಂಟೆಯ ಬೆನ್ನಿನಂತೆ ಉಬ್ಬಿ ತಗ್ಗಿತ್ತು, ಆ ಉಬ್ಬಿನಲ್ಲಿ ಗಾಳಿ ಸೇರಿ ನೀರನ್ನು ತಡೆದಿತ್ತು. ಮೂರನೆಯದು: ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಈ ಊರಿನಲ್ಲಿ ಹಲಗೆಯು ದಕ್ಷಿಣಕ್ಕೆ ಮುಖಮಾಡಿರಬೇಕು, ಅದು ಪೂರ್ವಕ್ಕೆ ತಿರುಗಿ, ಮಧ್ಯಾಹ್ನವಾದೊಡನೆ ಮೆಟ್ಟಿಲ ಕೋಣೆಯ ನೆರಳಿನಲ್ಲಿ ನಿಲ್ಲುತ್ತಿತ್ತು. ನಾಲ್ಕನೆಯದು: ಬಿಸಿನೀರ ಕೊಳವೆಗೆ ಹೊದಿಕೆಯೇ ಇರಲಿಲ್ಲ. ಚಳಿಗಾಲದಲ್ಲಿ ಸೂರ್ಯನು ದಕ್ಷಿಣಾಯನದ ತುದಿಯಲ್ಲಿರುವನೆಂಬುದು ಪಂಚಾಂಗ ನೋಡುವ ಯಾರಿಗೂ ಗೊತ್ತು. ಬಿಸಿನೀರು ಬೇಕಾಗುವುದೂ ಆಗಲೇ. ಮುತ್ತೈದೆಯರು ಸಂಕ್ರಾಂತಿಯಲ್ಲಿ ಎಳ್ಳು ಬೀರುವ ವೇಳೆಗೆ ಸೂರ್ಯನೆಲ್ಲಿರುವನೆಂಬುದನ್ನು ಕೂಡಿಸುವವನು ಒಮ್ಮೆ ಆಲೋಚಿಸಿದ್ದರೆ ಸಾಕಾಗಿತ್ತು.

ಆ ಕೆಲಸಗಾರರು ಎರಡು ದಿನಗಳಲ್ಲಿ ತೊಟ್ಟಿಗೆ ಎತ್ತರದ ಕಬ್ಬಿಣದ ಪೀಠವನ್ನು ಮಾಡಿಸಿ, ಕೊಳವೆಯನ್ನು ನೇರವಾಗಿ ಏರುವಂತೆ ತಿದ್ದಿ, ಹಲಗೆಯನ್ನು ದಕ್ಷಿಣಕ್ಕೆ ತಿರುಗಿಸಿ, ಕೊಳವೆಗೆ ಹೊದಿಕೆ ಸುತ್ತಿದರು. ಹೊಸ ಯಂತ್ರವೊಂದನ್ನೂ ತರಲಿಲ್ಲ. ಮೂರನೆಯ ಬೆಳಗ್ಗೆ ಆ ತಾಯಿ ಅಭ್ಯಂಗನವನ್ನು ಮುಗಿಸಿ ಬಂದು, “ಅಂತೂ ಈ ನೀರು ಎಣ್ಣೆ ಬಿಡಿಸಿತಪ್ಪ,” ಎಂದರು. ಸೀಗೆಪುಡಿಯ ಮನೆತನದವರಿಂದ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರವಿಲ್ಲ.

ಇಂದಿರಾನಗರವನ್ನು ದಾಟಿ ಕೃಷ್ಣರಾಜಪುರದ ಕಡೆ ನಡೆದರೆ ಮಾಳಿಗೆಗಳು ಇನ್ನೂ ಎತ್ತರವಾಗುತ್ತವೆ. ತೊಂದರೆಯೂ ಬೇರೆ ರೂಪ ತಾಳುತ್ತದೆ. ಕೊಳವೆಬಾವಿಯ ಗಡಸುನೀರನ್ನು ನೆಚ್ಚಿದ ಮನೆಗಳಲ್ಲಿ ಬಿಳಿಯ ಸುಣ್ಣದ ಹೆಕ್ಕಳೆ ನಾಳಗಳೊಳಗೆ ಕಟ್ಟಿಕೊಳ್ಳುತ್ತದೆ. ಆಗಾಗ್ಗೆ ಶುದ್ಧಿಮಾಡದಿದ್ದರೆ ನೀರಿಗೆ ದಾರಿ ಸಾಲದು. ಅನೇಕ ಅಂತಸ್ತುಗಳ ಮನೆಗಳಲ್ಲಿ ಮಾಳಿಗೆಯಿಂದ ಕೆಳಗಿನ ಬಚ್ಚಲಿಗೆ ಕೊಳವೆಯು ದೂರ. ಒಂದು ಅಂಗುಲದ ಕೊಳವೆಯ ಪ್ರತಿ ಮೀಟರಿನಲ್ಲಿ ಸುಮಾರು ಅರ್ಧ ಲೀಟರು ನೀರು ನಿಂತಿರುತ್ತದೆ. 20 ಮೀಟರಿದ್ದರೆ ಬಿಸಿನೀರು ಬರುವ ಮೊದಲು 10 ಲೀಟರು ತಣ್ಣೀರು ಹೊರಬೀಳಬೇಕು. ಕಾವೇರಿಯ ನೀರು ಸುಮಾರು 100 ಕಿಲೋಮೀಟರು ದೂರದಿಂದ, ಸುಮಾರು 500 ಮೀಟರು ಎತ್ತರಕ್ಕೆ ಏರಿ ನಮ್ಮ ಊರಿಗೆ ಬರುವುದೆಂಬುದನ್ನು ನೆನೆದರೆ, ಅದನ್ನು ಮೋರಿಗೆ ಬಿಡುವ ಕೈ ನಡುಗಬೇಡವೆ? ಕೆಳಗೊಂದು ಬಕೇಟನ್ನಿಟ್ಟು ಆ ತಣ್ಣೀರನ್ನು ಬಟ್ಟೆಗೋ ತುಳಸಿಯ ಗಿಡಕ್ಕೋ ಉಳಿಸಿಕೊಳ್ಳುವ ಗೃಹಿಣಿಯರನ್ನು ನಾವು ಬಲ್ಲೆವು. ಅವರೇ ಆ ಮನೆಯ ನಿಜವಾದ ಇಂಜಿನಿಯರುಗಳು.

ಹೊಸದಾಗಿ ಈ ಸಾಧನವನ್ನು ಕೂಡಿಸುವ ವಾಚಕರಲ್ಲಿ ನಮ್ಮ ಬಿನ್ನಹವು ಇಷ್ಟೇ. ಹಣವನ್ನು ಪೂರ್ತಿ ಕೊಡುವುದಕ್ಕೆ ಮೊದಲು ತಾವೇ ಮಾಳಿಗೆಯನ್ನೇರಿ ನೋಡಿರಿ. ತೊಟ್ಟಿಯು ಹಲಗೆಗಿಂತ ಮೇಲಿದೆಯೆ, ತಣ್ಣೀರ ತೊಟ್ಟಿಯು ಅದಕ್ಕಿಂತಲೂ ಮೇಲಿದೆಯೆ, ಕೊಳವೆಯು ನಡುವೆ ತಗ್ಗದೆ ಏರುತ್ತದೆಯೆ, ಚಳಿಗಾಲದ ನಡುಹಗಲಿನಲ್ಲಿ ನೆರಳು ಬೀಳುವುದೆ? ಈ ನಾಲ್ಕು ಪ್ರಶ್ನೆಗಳಿಗೆ ವಿದ್ಯುಚ್ಛಾಸ್ತ್ರದ ಪಾಂಡಿತ್ಯವು ಬೇಡ. ಕಣ್ಣು ತೆರೆದಿದ್ದರೆ ಸಾಕು. ಉತ್ತರ ಸರಿಯಾಗಿಲ್ಲದಿದ್ದರೆ ದೊಡ್ಡ ಕಾಯಿಲನ್ನು ಕೊಳ್ಳದೆ ದಾರಿಯನ್ನು ತಿದ್ದಿಸಿರಿ. ನೀರೂ ಬೆಂಕಿಯೂ ತಮ್ಮ ಧರ್ಮವನ್ನು ಎಂದೂ ಬಿಡವು. ನಾವು ಅವಕ್ಕೆ ಅನುಕೂಲರಾದರೆ ಮನೆಯ ಮುದುಕರು ಮಾಗಿಯಲ್ಲಿಯೂ ಸುಖವಾಗಿ ಮೀಯುವರು.