ಕೇಳಿದ ಪ್ರಶ್ನೆ, ಕೇಳಿಸಿದ ಪ್ರಶ್ನೆ

ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಭಾರತೀಯರು ಏನೆನ್ನುತ್ತಾರೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು 2011ರ ಕೊನೆಯಲ್ಲಿ 4,031 ಜನರನ್ನು ಮಾತಾಡಿಸಿತು. ‘ಜಾಗತಿಕ ತಾಪಮಾನ ಏರಿಕೆ’ ಬಗ್ಗೆ ಬಹಳ ಗೊತ್ತು ಎಂದವರು ನೂರಕ್ಕೆ 7 ಮಂದಿ. ಕೇಳಿಯೇ ಇಲ್ಲ ಅಥವಾ ಗೊತ್ತಿಲ್ಲ ಎಂದವರು 41. ಆಮೇಲೆ ಎರಡು ಮಾತಿನಲ್ಲಿ ವಿವರಿಸಿ, ಇದು ನಡೆಯುತ್ತಿದೆ ಅನಿಸುತ್ತದೆಯೇ ಎಂದು ಕೇಳಿದಾಗ 72 ಮಂದಿ ಹೌದು ಎಂದರು. ಹತ್ತು ವರ್ಷ ಬಿಟ್ಟು, 2021ರ ಅಕ್ಟೋಬರಿನಿಂದ 2022ರ ಜನವರಿಯವರೆಗೆ, ಸಿವೋಟರ್ ಜೊತೆ ಸೇರಿ ಅವರೇ ಮತ್ತೆ 4,619 ಜನರಿಗೆ ಫೋನು ಹಚ್ಚಿದರು. ಬಹಳ ಗೊತ್ತು ಎಂದವರು 7ರಿಂದ 9ಕ್ಕೆ ಏರಿದ್ದರು, ಅಷ್ಟೆ. ಸ್ವಲ್ಪವೇ ಗೊತ್ತು ಅಥವಾ ಕೇಳಿಯೇ ಇಲ್ಲ ಎಂದವರು 54. ಆದರೆ ವಿವರಿಸಿದ ಮೇಲೆ ಹೌದು ಎಂದವರು 84, ಇದರ ಪರಿಣಾಮವನ್ನು ಸ್ವತಃ ಅನುಭವಿಸಿದ್ದೇವೆ ಎಂದವರು 74.

ಇಂಥ ಅಂಕಿಗಳು ಪತ್ರಿಕೆಗೆ ಬಂದಾಗ ತಲೆಬರಹ ಸಾಮಾನ್ಯವಾಗಿ ಆ 54ರ ಮೇಲೆ ನಿಲ್ಲುತ್ತದೆ: ಅರ್ಧಕ್ಕಿಂತ ಹೆಚ್ಚು ಭಾರತೀಯರಿಗೆ ಅರಿವಿಲ್ಲ. ನಗರದಲ್ಲಿ ಕೂತು ಓದುವವರಿಗೆ ಆ ಅರಿವಿಲ್ಲದವರು ಯಾರು ಎಂಬ ಅನುಮಾನವೇ ಬರುವುದಿಲ್ಲ. ಹಳ್ಳಿಯವರು, ಇನ್ಯಾರು. ಇಲ್ಲೊಂದು ತಮಾಷೆ ಇದೆ. 2011ರಲ್ಲಿ ಮಾತಾಡಿಸಿದವರಲ್ಲಿ ಮುಕ್ಕಾಲು ಪಾಲು ನಗರದವರು. ಅದೇ ವರ್ಷದ ಜನಗಣತಿ ಪ್ರಕಾರ ದೇಶದಲ್ಲಿ ನಗರವಾಸಿಗಳು ನೂರಕ್ಕೆ 31. ಇಂಥ ಏರುಪೇರನ್ನು ಸರಿದೂಗಿಸುವ ಲೆಕ್ಕಗಳು ಸಂಖ್ಯಾಶಾಸ್ತ್ರಜ್ಞರ ಹತ್ತಿರ ಇರುತ್ತವೆ, ಅದು ಬೇರೆ ಮಾತು. ಆದರೂ ‘ರಾಷ್ಟ್ರದ ಅಭಿಪ್ರಾಯ’ ಎಂದು ನಗರವೇ ತನ್ನ ಮಾತನ್ನು ತಾನೇ ಕೇಳಿಸಿಕೊಂಡಿರುವುದು ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ.

ಅದಕ್ಕೂ ಮುಂಚೆ ಕೇಳಬೇಕಾದದ್ದು, ಯಾವ ಮಾತಿನಲ್ಲಿ ಕೇಳಿದರು ಎಂಬುದು. ಕನ್ನಡದಲ್ಲಿ ಇಂದು ಸಂಜೆ ಮಳೆ ಬರುತ್ತದೆಯೇ ಎಂದು ಹೇಳುವುದು ‘ಹವಾಮಾನ ವರದಿ’. ಮೂವತ್ತು ನಲವತ್ತು ವರ್ಷಗಳ ಸರಾಸರಿ ಮಳೆ ಬಿಸಿಲಿನ ಸ್ವಭಾವ ಬದಲಾಗುವುದಕ್ಕೂ ‘ಹವಾಮಾನ ಬದಲಾವಣೆ’ ಎಂದೇ ಹೆಸರು. ಹವಾಮಾನ ಬದಲಾಗುತ್ತಿದೆಯೇ ಎಂದು ಯಾರನ್ನಾದರೂ ಕೇಳಿದರೆ, ಬದಲಾಗದೆ ಇರುತ್ತದೆಯೇ ಎಂದು ಮರುಪ್ರಶ್ನೆ ಹಾಕುವುದೇ ಸಹಜ. ಶಾಲೆಯ ಭೂಗೋಳ ಪುಸ್ತಕದಲ್ಲಿ ಇದಕ್ಕೆ ‘ವಾಯುಗುಣ’ ಎಂಬ ಬೇರೆಯೇ ಪದವಿದೆ, ಒಳ್ಳೆಯ ಪದ. ಹತ್ತನೇ ತರಗತಿ ಪರೀಕ್ಷೆ ಮುಗಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳಿದವರು ಕಡಿಮೆ. ಪತ್ರಿಕೆಗಳು ಹಲವು ಸಲ ‘ಹವಾಮಾನ ವೈಪರೀತ್ಯ’ ಎಂದು ಬರೆಯುತ್ತವೆ. ಆ ಪದದಲ್ಲಿ ಪ್ರಶ್ನೆ ಕೇಳಿದರೆ ಉತ್ತರವನ್ನೂ ಮೊದಲೇ ಕೊಟ್ಟಂತೆ.

ಪುಣೆ ಮುಂಬಯಿಯ ಕನ್ನಡಿಗರಿಗೆ ಮರಾಠಿ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಅಲ್ಲೂ ‘ಹವಾಮಾನ್’ ಎರಡಕ್ಕೂ ದುಡಿಯುತ್ತದೆ. ತಮಿಳು ‘ವಾನಿಲೈ’ ಮತ್ತು ‘ಕಾಲನಿಲೈ’ ಎಂದು ಚೆನ್ನಾಗಿ ಬೇರೆ ಮಾಡಿದೆ. ಹಿಂದಿಯಲ್ಲಿ ‘ಮೌಸಮ್’ ಬೇರೆ, ‘ಜಲವಾಯು’ ಬೇರೆ, ಎರಡನೆಯದು ಮಾತ್ರ ಸರ್ಕಾರಿ ಬೋರ್ಡಿನ ಭಾಷೆ. ತೆಲುಗಿನಲ್ಲಿ ‘ವಾತಾವರಣ’ ಬದಲಾಗುತ್ತದೆ. ಹೈದರಾಬಾದಿಗೆ ಹೊಸದಾಗಿ ಹೋದ ಕನ್ನಡಿಗರು ವಾತಾವರಣ ಬದಲಾಗಿದೆ ಎಂದು ಕೇಳಿಸಿಕೊಂಡರೆ ಆಫೀಸಿನಲ್ಲಿ ಏನೋ ಜಗಳವಾಗಿದೆ ಎಂದುಕೊಂಡಾರು.

ಹಳ್ಳಿಯಲ್ಲಿ ಈ ವಿಷಯಕ್ಕೆ ಶಬ್ದವಿಲ್ಲ ಎನ್ನುವುದೂ ಸುಳ್ಳು. ಒಂದು ಪದವಿಲ್ಲ, ನಿಜ. ಮಳೆಗಾಲಕ್ಕೊಂದು ಇಡೀ ಪಟ್ಟಿಯೇ ಇದೆ. ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಹದಿಮೂರು ಹದಿನಾಲ್ಕು ದಿನಕ್ಕೊಂದು ಹೆಸರು, ಪ್ರತಿಯೊಂದಕ್ಕೂ ಬಿತ್ತುವ, ಎಡೆ ಹೊಡೆಯುವ, ಕೊಯ್ಯುವ ಕೆಲಸ ಕಟ್ಟಿಕೊಂಡಿದೆ. ಯಾವ ಮಳೆ ಯಾವ ಹೆಸರಿನ ಮನೆಯಲ್ಲಿ ಬೀಳಬೇಕಿತ್ತು, ಎಲ್ಲಿ ಬಿತ್ತು ಎಂದು ಹೇಳಬಲ್ಲವರಿಗೆ ಅರಿವಿಲ್ಲ ಎನ್ನುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಪುಣೆಯ ವಾಕಡ ಕಡೆ ಏಳುತ್ತಿರುವ ಕಟ್ಟಡಗಳ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲಿರುತ್ತದೆ. ಅಂಥದ್ದೊಂದರಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರ ಕಡೆಯಿಂದ ಬಂದ ದಂಪತಿ. ಎದುರಿನ ಸೊಸೈಟಿಯಲ್ಲಿರುವ, ಮೈಸೂರು ಸೀಮೆಯ ಒಬ್ಬ ಇಂಜಿನಿಯರ್ ಹೆಣ್ಣುಮಗಳು ಭಾನುವಾರ ಆ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಾರೆ. ಒಮ್ಮೆ ಸುಮ್ಮನೆ ಕೇಳಿದರು: “ಹವಾಮಾನ ಬದಲಾವಣೆ ಅಂತ ಕೇಳಿದ್ದೀರಾ?”

“ಅದೇನ್ರಿ ಅಕ್ಕಾರ?”

ಸಮೀಕ್ಷೆಯಾಗಿದ್ದರೆ ಅಲ್ಲಿಗೆ ಒಂದು ಗುರುತು ಬೀಳುತ್ತಿತ್ತು, ‘ಕೇಳಿಲ್ಲ’. ಮೊದಲಿನ ಹಾಗೆ ಮಳೆ ಬರುತ್ತಿದೆಯೇ ಎಂದು ಕೇಳಿದಾಗ ಮಾತು ಅರ್ಧ ತಾಸು ನಡೆಯಿತು. “ಮಿರಗದಾಗ ಹೆಸರು ಹಾಕ್ತಿದ್ವಿ. ಈಗ ಬಿತ್ತೂ ಮುಂದ ಮಳಿ ಇರಂಗಿಲ್ಲ, ಕಾಯಿ ಬಿಡಸೂ ಮುಂದ ಹಿಡಕೊಂಡು ಕುಂದರ್ತದ. ಎಲ್ಲಾ ಕಪ್ಪಾಗಿ ಹೋಗ್ತದ್ರಿ.” ಬಿಸಿಲಿನ ಮಾತಿಗೆ ಆಕೆ ನಕ್ಕರು. “ಬಿಸಲು ನಮಗ ಹೊಸದಲ್ಲ. ಊರಾಗ ರಾತ್ರಿ ಮಾಳಗಿ ಮ್ಯಾಲ ಮಲಗಿದ್ರ ಗಾಳಿ ಬರ್ತದ. ಇಲ್ಲಿ ತಗಡು ನಸುಕಿನ ತನಕ ಆರಂಗಿಲ್ಲ.”

ಎದುರಿನ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಅದೇ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟದ್ದು, ಟ್ಯಾಂಕರ್ ಬಿಲ್ಲು ಏರಿದ್ದು, ಎರಡನೇ ಎಸಿ ಹಾಕಿಸಲು ಯಾರಿಗೆ ಫೋನ್ ಮಾಡಬೇಕು ಎಂಬುದು ಚರ್ಚೆಯಾಗುತ್ತಿತ್ತು. ಅಲ್ಲಿರುವ ಯಾರನ್ನು ಕೇಳಿದರೂ ಗ್ಲೋಬಲ್ ವಾರ್ಮಿಂಗ್ ಎಂದರೆ ಏನೆಂದು ಹೇಳುತ್ತಾರೆ, ಇಂಗಾಲದ ಹೆಜ್ಜೆಗುರುತಿನ ಲೆಕ್ಕವನ್ನೂ ಹೇಳುವವರಿದ್ದಾರೆ. ಆದರೆ ಆ ಚರ್ಚೆಯಲ್ಲಿ ಆ ಪದ ಒಮ್ಮೆಯೂ ಬರಲಿಲ್ಲ. ಬಂದದ್ದು ಬಿಲ್ಡರ್ ಹೆಸರು ಮತ್ತು ಕಾರ್ಪೊರೇಷನ್.

ನಗರದ ಅಭಿಪ್ರಾಯದ ನಿಜವಾದ ಗುಣ ಇದೇ ಇರಬೇಕು. ನಗರದಲ್ಲಿ ಪ್ರತಿ ಅನಾಹುತಕ್ಕೂ ಹತ್ತಿರದಲ್ಲೇ ಒಬ್ಬ ಆರೋಪಿ ಸಿಗುತ್ತಾನೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಜನರ ಬಾಯಲ್ಲಿ ಉಳಿದದ್ದು ಮಳೆಯ ಅಳತೆಗಿಂತ ಹೆಚ್ಚಾಗಿ ಮೀಠೀ ನದಿಯನ್ನು ಒತ್ತಿದವರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿದಾಗ ಎಲ್ಲರೂ ಕಲಿತ ಪದ ‘ರಾಜಕಾಲುವೆ’. ಹೈದರಾಬಾದಿನಲ್ಲಿ ಈ ಅಭ್ಯಾಸ ಇನ್ನೂ ಹಳೆಯದು. 1908ರಲ್ಲಿ ಮೂಸಿ ನದಿ ಊರನ್ನು ಕೊಚ್ಚಿಕೊಂಡು ಹೋದ ಮೇಲೆ ನಿಜಾಮರು ಕರೆಸಿದ್ದು ವಿಶ್ವೇಶ್ವರಯ್ಯನವರನ್ನು. ಅವರ ಸಲಹೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದವು. ಪ್ರವಾಹ ಎಂದರೆ ಇಂಜಿನಿಯರ್ ಕೆಲಸ ಎಂಬುದು ಆ ಊರಿಗೆ ನೂರು ವರ್ಷದ ನಂಬಿಕೆ.

ಈ ನಂಬಿಕೆ ತಪ್ಪೆಂದು ತಳ್ಳಿಹಾಕುವಂತಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದ ಮೇಲೆ, ಆ ಮಳೆಗೆ ಭೂಮಿ ಬಿಸಿಯಾದದ್ದೇ ಕಾರಣವೇ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದಾಗ ಹೌದೆನ್ನುವ ಪುರಾವೆ ಸಿಗಲಿಲ್ಲ. ಜೌಗು ಭೂಮಿ ತುಂಬಿ ಕಟ್ಟಿದ್ದನ್ನೂ ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟ ಹೊತ್ತನ್ನೂ ದೂರಿದ ಚೆನ್ನೈವಾಸಿಗಳ ಮಾತಿನಲ್ಲಿ ಹುರುಳಿತ್ತು. ಆದರೆ 2022ರ ಮಾರ್ಚ್ ಏಪ್ರಿಲ್‌ನಲ್ಲಿ ಉತ್ತರ ಭಾರತವನ್ನೂ ಪಾಕಿಸ್ತಾನವನ್ನೂ ಬೇಯಿಸಿದ ಬಿಸಿಗಾಳಿ? ಮನುಷ್ಯರಿಂದಾದ ತಾಪಮಾನ ಏರಿಕೆ ಅಂಥದ್ದು ಬರುವ ಸಾಧ್ಯತೆಯನ್ನು ಸುಮಾರು 30 ಪಟ್ಟು ಹೆಚ್ಚಿಸಿದೆ ಎಂಬ ಉತ್ತರ ಬಂತು. ಆ ವರ್ಷ ಕಾಳು ಸೊರಗಿದ್ದನ್ನು ಪಂಜಾಬಿನ ಗೋಧಿ ಬೆಳೆಗಾರರು ಹೊಲದಲ್ಲೇ ಕಂಡರು, ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. ಬಿಸಿಗಾಳಿಗೆ ಬೈಯಲು ಒತ್ತುವರಿದಾರ ಸಿಗುವುದಿಲ್ಲ. ಅದಕ್ಕೇ ಇರಬೇಕು, ನಗರ ಅದನ್ನು ಬೇಗ ಮರೆಯುತ್ತದೆ.

ದೆಹಲಿಯ ಗೊಂದಲ ಇನ್ನೊಂದು ಬಗೆಯದು. ಅಲ್ಲಿ ಪ್ರಶ್ನೆ ಯಾವುದಾದರೂ ಉತ್ತರ ‘ಪ್ರದೂಷಣ’. ಹೊಗೆಯ ಮೂಲ ಬಹಳಷ್ಟು ಒಂದೇ, ಆದರೆ ಗಾಳಿಯಲ್ಲಿ ತೇಲುವ ಕಣಗಳು ಬಿಸಿಲನ್ನು ತಡೆದು ತಾಪವನ್ನು ಒಂದಿಷ್ಟು ಮರೆಮಾಡುತ್ತವೆ ಕೂಡ. ಗಾಳಿ ತಿಳಿಯಾದರೆ ಎಲ್ಲ ಸರಿಹೋಯಿತು ಎಂದುಕೊಳ್ಳುವುದು ಅಪಾಯ.

ಇದೆಲ್ಲ ಬರೀ ಪದಗಳ ಜಗಳವಾಗಿದ್ದರೆ ಬಿಡಬಹುದಿತ್ತು. ನಗರಗಳು ಈಗ ತಮ್ಮ ತಮ್ಮ ಯೋಜನೆ ಬರೆದುಕೊಂಡಿವೆ: ಮುಂಬಯಿ 2022ರ ಮಾರ್ಚಿನಲ್ಲಿ, ಚೆನ್ನೈ 2023ರ ಜೂನಿನಲ್ಲಿ, ಬೆಂಗಳೂರು ಅದೇ ವರ್ಷದ ನವೆಂಬರಿನಲ್ಲಿ. ದೇಶ 2070ಕ್ಕೆ ನಿವ್ವಳ ಶೂನ್ಯ ಹೊರಸೂಸುವಿಕೆ ಎಂದರೆ ಮುಂಬಯಿ 2050ಕ್ಕೇ ಎಂದಿದೆ. ದೇಶಕ್ಕಿಂತ ಇಪ್ಪತ್ತು ವರ್ಷ ಮುಂದಿರುವ ಅಭಿಪ್ರಾಯ ಆ ಊರಿನ ಯಾರದು, ಲೋಕಲ್ ರೈಲಿನಲ್ಲಿ ನಿಂತವರದೋ ಕಡತ ಬರೆದವರದೋ, ಹೇಳುವುದು ಕಷ್ಟ. ಇವುಗಳಿಗಿಂತ ಹಳೆಯದೂ ಸರಳವೂ ಆದದ್ದು ಅಹಮದಾಬಾದಿನದು. 2010ರ ಮೇ ತಿಂಗಳ ಬಿಸಿಲಿನಲ್ಲಿ ಅಲ್ಲಿ ಸಾಮಾನ್ಯಕ್ಕಿಂತ 1,344 ಸಾವು ಹೆಚ್ಚಾದವು. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲು ಯೋಜನೆ ಮಾಡಿತು: ಮುನ್ಸೂಚನೆ ಬಂದ ಕೂಡಲೇ ಎಚ್ಚರಿಕೆ, ಕುಡಿಯುವ ನೀರು, ಆಸ್ಪತ್ರೆಗಳಲ್ಲಿ ತಯಾರಿ. ಅದಕ್ಕೆ ಯಾರೂ ಭೂಮಿ ಬಿಸಿಯಾಗುತ್ತಿದೆ ಎಂದು ಒಪ್ಪಬೇಕಾಗಿರಲಿಲ್ಲ, ಮಧ್ಯಾಹ್ನ ಹೊರಗೆ ದುಡಿಯುವವರು ಯಾರೆಂದು ಗೊತ್ತಿದ್ದರೆ ಸಾಕಿತ್ತು.

ವಾಕಡದ ಆ ಹೆಣ್ಣುಮಗಳು ಮುಂದಿನ ಸಮೀಕ್ಷೆಯಲ್ಲಿ ಸಿಗುತ್ತಾರೆಯೇ? ಸಿಮ್ ಕಾರ್ಡು ಕರ್ನಾಟಕದ್ದು, ಮತ ಶಹಾಪುರದ್ದು, ರೇಷನ್ ಕಾರ್ಡು ಊರಿನ ಅತ್ತೆಯ ಹತ್ತಿರ. ವರ್ಷಕ್ಕೆ ಎಂಟು ತಿಂಗಳು ಪುಣೆ. ಫೋನು ಬಂದರೂ ಊರು ಯಾವುದು ಎಂದರೆ ಅವರು ಶಹಾಪುರ ಎಂದೇ ಹೇಳುತ್ತಾರೆ, ಅಲ್ಲಿಗೆ ಲೆಕ್ಕದಲ್ಲಿ ಗ್ರಾಮೀಣ. ಅದೂ ಹಗಲು ಹೊತ್ತು ಫೋನು ಅವರ ಕೈಯಲ್ಲಿರುವುದಿಲ್ಲ. ಶೆಡ್ಡಿಗೆ ಕರೆಂಟು ಬರುವುದು ಸಂಜೆ ಏಳರ ಮೇಲೆ, ಹಾಗಾಗಿ ಮೇಸ್ತ್ರಿಯ ಕೋಣೆಯಲ್ಲಿ ಚಾರ್ಜಿಗೆ ಹಾಕಿರುತ್ತಾರೆ.